ಸುಮ್ಮನಿದ್ದ ಹೊತ್ತು

ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈ ಕೀಬೋರ್ಡಿನ ಮೇಲೆ. ಮಧ್ಯಾಹ್ನದ ಊಟವೆಂದರೆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವಳಿಗೆ ಇಷ್ಟೇ ಆಗಿ ವರ್ಷಗಳಾಗಿದ್ದವು. ಡಬ್ಬಿಯ ತಳ ಕಾಣುವಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಎಕ್ಸ್‌ರೇ ವಿಭಾಗದ ನಂಬರು. ಇಡೀ ಆಸ್ಪತ್ರೆಗೆ ಎಕ್ಸ್‌ರೇ ಅಕ್ಕ ಎಂದೇ ಗೊತ್ತಿದ್ದ ಆ ತಂತ್ರಜ್ಞೆ ಹಲೋ ಗಿಲೋ ಅನ್ನುವವಳಲ್ಲ, ನೇರ ವಿಷಯಕ್ಕೇ ಬರುವವಳು.

"ಏನೇ, ದೊಡ್ಡಪ್ಪ ಯಾವಾಗ ಬಂದ್ರು? ಒಂದು ಮಾತು ಹೇಳೋದಲ್ವಾ?"

"ಯಾವ ದೊಡ್ಡಪ್ಪ?"

"ನಿನಗೆ ಎಷ್ಟು ಜನ ದೊಡ್ಡಪ್ಪಂದಿರು ಇದ್ದಾರೆ ಮಾರಾಯ್ತಿ? ನಮ್ಮ ದೊಡ್ಡಪ್ಪ. ಸ್ಕ್ಯಾನ್ ಚಿತ್ರಗಳ ಸರ್ವರ್ ತುಂಬಾ ನಿಧಾನ ಆಗಿದೆ ಅಂತ, ಯಾರ್ಯಾರು ಒಳಗಿದ್ದಾರೆ ನೋಡೋಣ ಅಂತ ನಮ್ಮ ಮಷೀನಿಂದ ಕೇಳಿದೆ. ನೋಡಿದ್ರೆ ನಿನ್ನ ಪಕ್ಕದಲ್ಲೇ ಕೂತಿದ್ದಾರೆ."

"ಅವರನ್ನ ಮನೆಗೆ ಕಳಿಸಿದ್ದಾರಲ್ಲಕ್ಕಾ. ಅಕೌಂಟಿಗೆ ನಾನೇ ಬೀಗ ಹಾಕಿದ್ದೀನಿ."

"ಬೀಗ ಹಾಕಿದ್ರೂ ಒಳಗೆ ನುಗ್ಗಿ ಕೆಲಸ ಮಾಡ್ತಾರೆ ಅಂದ್ರೆ, ಇಲ್ಲಿ ಸಂಬಳ ತಗೊಂಡು ಗೊರಕೆ ಹೊಡೆಯೋರಿಗಿಂತ ವಾಸಿ ಬಿಡು." ಅಕ್ಕ ತನ್ನ ಮಾತಿಗೆ ತಾನೇ ನಕ್ಕಳು. ಆಮೇಲೆ ದನಿ ಇಳಿಸಿ, "ಸುಮ್ಮನಿದ್ದ ಹೊತ್ತು ಸೊನ್ನೆ ತೋರಿಸ್ತಿದೆ ಕಣೇ. ಈಗಷ್ಟೇ ಏನೋ ಒತ್ತಿದ್ದಾರೆ. ನೀನೇ ನೋಡು," ಅಂದು ಫೋನಿಟ್ಟಳು.

ಒಳಗೆ ಯಾರಿದ್ದಾರೆ ಎಂದು ಯಂತ್ರವನ್ನು ಕೇಳುವ ಆ ಪುಟ್ಟ ಕಮಾಂಡನ್ನು ಅವಳು ಎಡಗೈಯಲ್ಲೇ ಒತ್ತಿದಳು. ಎರಡೇ ಸಾಲು ಬಂದವು. ಮೊದಲನೆಯದರಲ್ಲಿ ಅವಳ ಹೆಸರು, ಸರ್ವರಿನೊಳಗೆ ಅವಳು ಕೂತ ಜಾಗದ ನಂಬರು: ಒಂದನೇ ಟರ್ಮಿನಲ್. ಎರಡನೆಯದರಲ್ಲಿ ದೊಡ್ಡಪ್ಪ, ಮೂರನೇ ಟರ್ಮಿನಲ್. ಕೊನೆಗೆ, ಮನುಷ್ಯ ಎಷ್ಟು ಹೊತ್ತಿನಿಂದ ಏನನ್ನೂ ಒತ್ತದೆ ಸುಮ್ಮನಿದ್ದಾನೆ ಎಂದು ತೋರಿಸುವ ಕಡೆ, ಇಬ್ಬರಿಗೂ ಸೊನ್ನೆ. ಅವಳು ಚಮಚವನ್ನು ಡಬ್ಬಿಯೊಳಗೆ ಸದ್ದಾಗದಂತೆ ಇಟ್ಟಳು. ಯಾಕೆ ಸದ್ದಾಗಬಾರದು ಎಂದು ಅವಳಿಗೇ ತಿಳಿಯಲಿಲ್ಲ. ನೆಲಮಾಳಿಗೆಯ ಆ ಕೋಣೆಯಲ್ಲಿ ಯಂತ್ರಗಳ ಫ್ಯಾನುಗಳು ಹಗಲೂ ರಾತ್ರಿ ಒಂದೇ ಸಮ ಮೊರೆಯುತ್ತಿದ್ದವು. ಅಲ್ಲಿ ಕೂಗಿದರೂ ಪಕ್ಕದ ಕುರ್ಚಿಗೆ ಕೇಳಿಸುತ್ತಿರಲಿಲ್ಲ. ಪಕ್ಕದ ಕುರ್ಚಿ ದೊಡ್ಡಪ್ಪನದು. ಅದರ ಬೆನ್ನಿಗೆ ಅವರ ಬೂದು ಸ್ವೆಟರು ಇನ್ನೂ ತೂಗುತ್ತಿತ್ತು. ಒಯ್ಯಿರಿ ಎಂದು ಯಾರೂ ಹೇಳಿರಲಿಲ್ಲ, ಒಯ್ಯಲೇ ಎಂದು ಅವರೂ ಕೇಳಿರಲಿಲ್ಲ.

ದೊಡ್ಡಪ್ಪ ಎನ್ನುವುದು ಅವರ ನಿಜವಾದ ಹೆಸರಲ್ಲ. ಅವಳು ಕೆಲಸಕ್ಕೆ ಸೇರುವ ಎಷ್ಟೋ ಮುಂಚೆ ಯಾರೋ ಹಾಗೆ ಕರೆದರಂತೆ, ಅವರು ಸರ್ವರಿನಲ್ಲಿ ತಮ್ಮ ಅಕೌಂಟಿಗೂ ಅದೇ ಹೆಸರಿಟ್ಟುಕೊಂಡುಬಿಟ್ಟರಂತೆ. 'ಯಂತ್ರದ ಜೊತೆಗೂ ಸಂಬಂಧ ಇಟ್ಟುಕೊಳ್ಳಬೇಕು ತಾಯಿ, ಇಲ್ಲಾಂದ್ರೆ ಹೇಳಿದ ಮಾತು ಕೇಳಲ್ಲ' ಅನ್ನುತ್ತಿದ್ದರು. ಒಳಗೆ ಯಾರಿದ್ದಾರೆ, ಯಾವಾಗ ಬಂದರು, ಯಾವಾಗ ಹೋದರು, ಈಗ ಏನು ಮಾಡುತ್ತಿದ್ದಾರೆ ಎಂದು ಸರ್ವರನ್ನು ಕೇಳುವ ಕಮಾಂಡುಗಳನ್ನೆಲ್ಲ ಅವಳಿಗೆ ಕಲಿಸಿದವರು ಅವರೇ, ಇದೇ ಎರಡು ಕುರ್ಚಿಗಳಲ್ಲಿ ಕೂತು. ಅವರಿಗೆ ಇದ್ದದ್ದು ಒಂದೇ ಕೆಟ್ಟ ಚಾಳಿ. ಕೆಲಸ ಮುಗಿದ ಮೇಲೆ ಲಾಗೌಟ್ ಮಾಡುತ್ತಿರಲಿಲ್ಲ. ಲ್ಯಾಪ್‌ಟಾಪಿನ ಕೇಬಲ್ಲನ್ನು ಕಿತ್ತು, ಚೀಲಕ್ಕೆ ತುರುಕಿ, ಎದ್ದು ಹೊರಟುಬಿಡುತ್ತಿದ್ದರು. ಸರ್ವರಿನೊಳಗೆ ಅವರ ಸೆಶನ್ನು, ಅಂದರೆ ಅವರು ತೆರೆದಿಟ್ಟ ಅರ್ಧ ಕೆಲಸ, ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಅದನ್ನು ಗುಡಿಸುವವಳು ಅವಳು. ಮನೆಯಲ್ಲಿ ಮಗಳು ಬಿಚ್ಚಿ ಎಸೆದ ಕಾಲುಚೀಲಗಳನ್ನು ಎತ್ತಿಡುವಾಗಲೂ ಇಲ್ಲಿ ದೊಡ್ಡಪ್ಪನ ಸತ್ತ ಸೆಶನ್ನುಗಳನ್ನು ಮುಗಿಸುವಾಗಲೂ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಗೊಣಗು.

ಅಂಥ ಮನುಷ್ಯ ಕೆಲವು ವಾರಗಳ ಸ್ಕ್ಯಾನ್ ಚಿತ್ರಗಳನ್ನು ಅಳಿಸಿಹಾಕಿದ್ದಾರೆ ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಸರ್ವರಿನಲ್ಲಿ ಜಾಗ ಮಾಡಲೆಂದು ಹಳೆಯ ಚಿತ್ರಗಳನ್ನು ತೆಗೆಯುವ ಒಂದು ಸ್ವಚ್ಛತೆಯ ಪ್ರೋಗ್ರಾಮು ಇತ್ತು. ಪ್ರಯೋಗಕ್ಕೆಂದೇ ಇರುವ ಇನ್ನೊಂದು ಯಂತ್ರದ ಮೇಲೆ ಮೊದಲು ಓಡಿಸಿ ನೋಡಬೇಕಾದ ಹೊಸ ಆವೃತ್ತಿಯನ್ನು ಯಾರೋ ನಿಜವಾದ ಸರ್ವರಿನ ಮೇಲೆಯೇ ಓಡಿಸಿದ್ದರು. ಆ ಪ್ರೋಗ್ರಾಮು ತನ್ನನ್ನು ಓಡಿಸಿದವರ ಹೆಸರನ್ನು ತಾನೇ ಕೇಳಿ ಬರೆದಿಡುತ್ತದೆ. ಬರೆದಿದ್ದದ್ದು: ಮೂರನೇ ಟರ್ಮಿನಲ್, ದೊಡ್ಡಪ್ಪ. ವಿಚಾರಣೆಯ ಕೋಣೆಯಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿ ಎಂದು ಆಡಳಿತಾಧಿಕಾರಿ ಅವಳಿಗೇ ಹೇಳಿದ್ದರು. ಓದಿದಳು. ಓದಿ ಮುಗಿಸಿದ್ದೇ ತಡ, ಹಾಗೇ ಆ ಮೂಲೆಯ ಪ್ರಿಂಟರ್ ಒಂಚೂರು ನೋಡಿಬಿಡಮ್ಮ, ಬೆಳಗ್ಗೆಯಿಂದ ಕಾಗದ ಕಚ್ಚಿಕೊಂಡಿದೆ, ಅಂದರು. ಮೇಜಿನ ಸುತ್ತ ಕೂತ ಡಾಕ್ಟರುಗಳು ದೊಡ್ಡಪ್ಪನನ್ನು ಪ್ರಶ್ನೆ ಕೇಳುತ್ತಿರುವಾಗ ಅವಳು ಮಂಡಿಯೂರಿ ಪ್ರಿಂಟರಿನ ಹೊಟ್ಟೆಯಿಂದ ಕಾಗದದ ಚೂರು ಎಳೆಯುತ್ತಿದ್ದಳು. ನಾನು ಆಗಲೇ ಹೊರಟುಹೋಗಿದ್ದೆ, ಕನ್ನಡಕದ ಅಂಗಡಿಯಲ್ಲಿದ್ದೆ, ಎಂದು ದೊಡ್ಡಪ್ಪ ಹೇಳುತ್ತಿದ್ದರು. ಅಲ್ಲಿಂದಲೂ ಕನೆಕ್ಟ್ ಆಗಬಹುದಲ್ಲ ಎಂದು ಯಾರೋ ಅಂದರು. ಆಗಬಹುದು, ಎಂದು ದೊಡ್ಡಪ್ಪ ಒಪ್ಪಿಕೊಂಡರು. ಸುಳ್ಳು ಹೇಳಲು ಬಾರದ ತಂತ್ರಜ್ಞ. ಅವಳ ಕೈಗೆ ಮಸಿ ಹತ್ತಿತ್ತು. ಮಸಿಗಿಂತ ಹೆಚ್ಚಾಗಿ ಅವಳಿಗೆ ನೆನಪಿರುವುದು ಆಗ ಹೊಟ್ಟೆಯೊಳಗೆ ಬಿಸಿನೀರಿನ ಹಾಗೆ ಹರಡಿದ ಒಂದು ನೆಮ್ಮದಿ. ಅವರ ಹೆಸರು ಬಂದಿದೆಯಲ್ಲ ಎನ್ನುವ ನೆಮ್ಮದಿ. ಬೇರೆ ಯಾರ ಹೆಸರು ಬರಬಹುದೆಂದು ಅಂಜಿದ್ದೆ ಎಂದು ಆಮೇಲೂ ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಈಗ ಅದೇ ಹೆಸರು ಎದುರಿಗಿತ್ತು. ಅವಳು ಕ್ರಮವಾಗಿ ಶುರುಮಾಡಿದಳು. ಕ್ರಮವಾಗಿ ಮಾಡಿದರೆ ಭಯ ಹತ್ತಿರ ಬರುವುದಿಲ್ಲ ಎನ್ನುವುದು ಅವಳ ನಂಬಿಕೆ. ಮಗಳಿಗೆ ಜ್ವರ ಬಂದಾಗಲೂ ಮೊದಲು ಥರ್ಮಾಮೀಟರು, ಆಮೇಲೆ ಅಳು. ದೊಡ್ಡಪ್ಪನ ಅಕೌಂಟಿಗೆ ಬೀಗ ಬಿದ್ದಿದೆಯೇ? ಬಿದ್ದಿದೆ. ಅವರ ಹೆಸರಿನಲ್ಲಿ ಸರ್ವರಿನೊಳಗೆ ಯಾವುದಾದರೂ ಕೆಲಸ ಓಡುತ್ತಿದೆಯೇ? ಒಂದೂ ಇಲ್ಲ. ಹೊರಗಿನಿಂದ ಯಾವುದಾದರೂ ಸಂಪರ್ಕ? ಅವಳದೊಂದೇ. ಅಂದರೆ ಮನುಷ್ಯ ಇಲ್ಲ, ಕೈಯಿಲ್ಲ, ಬಾಗಿಲು ತೆರೆದಿಲ್ಲ. ಪಟ್ಟಿ ಮಾತ್ರ ಇದ್ದಾರೆ ಅನ್ನುತ್ತಿದೆ. ಹಳೆಯ ಸಾಲು ಅಳಿಯದೆ ಉಳಿದಿರಬೇಕು ಅಂದುಕೊಂಡಳು. ಅಂಥದ್ದು ಎಷ್ಟೋ ಸಲ ಆಗುತ್ತದೆ. ಆದರೆ ಉಳಿದುಹೋದ ಸಾಲು ಕಲ್ಲಿನ ಹಾಗಿರಬೇಕು. ಅದು ಸುಮ್ಮನಿದ್ದ ಹೊತ್ತು ಬೆಳೆಯುತ್ತ ಹೋಗಬೇಕು, ಗಂಟೆಗಳಾಗಿ, ದಿನಗಳಾಗಿ. ಇದು ಸೊನ್ನೆ. ಅವಳು ಮತ್ತೊಮ್ಮೆ ಕೇಳಿದಳು. ಸೊನ್ನೆ. ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಮಡಿಲಿನಲ್ಲಿಟ್ಟುಕೊಂಡು ಕೂತಳು. ಗೋಡೆಗೆ ಹಾಕಿದ ದೊಡ್ಡ ಸ್ಕ್ರೀನಿನಲ್ಲಿ ಅದೇ ಪಟ್ಟಿ ಯಾರೂ ಮುಟ್ಟದೆ ತನ್ನಷ್ಟಕ್ಕೆ ಹೊಸದಾಗುತ್ತಿರುತ್ತದೆ. ಅದನ್ನು ನೋಡುತ್ತ ಕೂತಳು. ಇಬ್ಬರ ಹೊತ್ತೂ ಬೆಳೆಯತೊಡಗಿತು, ಜೊತೆಜೊತೆಯಾಗಿ, ಒಂದೇ ಉಸಿರಿನಲ್ಲಿ. ಅವಳು ಸುಮ್ಮನಿದ್ದಷ್ಟೂ ಅವರೂ ಸುಮ್ಮನಿದ್ದರು. ಬಹಳ ಹೊತ್ತು ಬಿಟ್ಟು ಒಂದೇ ಒಂದು ಕೀಲಿಯನ್ನು, ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ, ಮುಟ್ಟಿದಳು. ಎರಡೂ ಸಾಲು ಸೊನ್ನೆಗೆ ಬಿದ್ದವು.

ಅವಳಿಗೆ ಬೆನ್ನು ತಣ್ಣಗಾಯಿತು. ಯಂತ್ರಗಳ ಕೋಣೆ ಸದಾ ತಣ್ಣಗೇ ಇರುತ್ತದೆ. ಇದು ಆ ಚಳಿಯಲ್ಲ. ಚಿಕ್ಕವಳಿದ್ದಾಗ ಬಿಸಿಲಿನಲ್ಲಿ ನಿಂತು ನೆರಳನ್ನು ಮೋಸ ಮಾಡಲು ನೋಡುತ್ತಿದ್ದದ್ದು ನೆನಪಾಯಿತು: ಕೈ ಎತ್ತುವ ಹಾಗೆ ಮಾಡಿ ಎತ್ತದಿರುವುದು, ತಟ್ಟನೆ ಓಡುವುದು. ನೆರಳು ಯಾವತ್ತೂ ಮೋಸ ಹೋಗುತ್ತಿರಲಿಲ್ಲ. ಅಮ್ಮ ಒಳಗಿನಿಂದ, ಯಾರ ಜೊತೆ ಆಡ್ತಿದ್ದೀಯೇ ಅಲ್ಲಿ, ಎಂದು ಕೂಗುತ್ತಿದ್ದಳು. ಈಗ ಆ ಅಮ್ಮನೇ ಮನೆಯಲ್ಲಿ ಮೊಮ್ಮಗಳನ್ನು ನೋಡಿಕೊಂಡು, ಅವಳ ಒಬ್ಬಳ ದುಡಿಮೆಯನ್ನು ನಂಬಿಕೊಂಡು ಕೂತಿದ್ದಳು. ಆಡಳಿತಾಧಿಕಾರಿ ಬರೆಸಿ ಕಳಿಸಿದ್ದ ಹೇಳಿಕೆಗೆ ಅವಳು ಸಂಜೆಯೊಳಗೆ ಸಹಿ ಹಾಕಿ ಕಳಿಸಬೇಕು. ಚಿತ್ರಗಳನ್ನು ಅಳಿಸಿದ್ದು ದೊಡ್ಡಪ್ಪನೇ ಎಂದು ಯಂತ್ರದ ದಾಖಲೆ ತೋರಿಸುತ್ತದೆ, ಇಂತಿ. ಸಹಿ ಹಾಕಿದರೆ ನಾಳೆ ಅವರ ನೌಕರಿ ಹೋಗುತ್ತದೆ. ನಡುವೆ ಈ ಸೊನ್ನೆ.

ಒಳಗಿರುವವರಿಗೆ ನೇರ ಅವರ ಸ್ಕ್ರೀನಿಗೇ ಮಾತು ಕಳಿಸುವ ಒಂದು ಕಮಾಂಡಿದೆ. ಮೊಬೈಲುಗಳು ಬಂದ ಮೇಲೆ ಅದನ್ನು ಯಾರೂ ಬಳಸುವುದಿಲ್ಲ. ದೊಡ್ಡಪ್ಪ ಮಾತ್ರ ಪಕ್ಕದ ಕುರ್ಚಿಯಲ್ಲೇ ಕೂತು, 'ಟೀ ಕುಡಿಯೋಣವಾ ತಾಯಿ' ಎಂದು ಅದರಲ್ಲಿ ಬರೆದು, ಗೊತ್ತೇ ಇಲ್ಲದವರ ಹಾಗೆ ಎದುರಿನ ಗೋಡೆ ನೋಡುತ್ತಿದ್ದರು. ಅವಳು ದೊಡ್ಡಪ್ಪನ ಹೆಸರಿಗೆ ಅದನ್ನು ತೆರೆದಳು. ತೆರೆದ ಮರುಕ್ಷಣ ಅವಳದೇ ಸ್ಕ್ರೀನಿನ ಮೇಲೆ ಬೀಪ್ ಎಂದು ಒಂದು ಸಾಲು ಮೂಡಿತು. ದೊಡ್ಡಪ್ಪನಿಂದ ಸಂದೇಶ, ಮೂರನೇ ಟರ್ಮಿನಲ್. ಅವಳ ಬೆರಳುಗಳು ಗಾಳಿಯಲ್ಲೇ ನಿಂತವು. ಅವಳು ಇನ್ನೂ ಏನೂ ಬರೆದಿರಲಿಲ್ಲ. ಯಾರು ಎಂದು ಬರೆದಳು. ಅದರ ಕೆಳಗೆ, ತಡವಿಲ್ಲದೆ, ಯಾರು ಎಂದು ಬಂತು. ದೊಡ್ಡಪ್ಪ ನೀವೇನಾ ಎಂದಳು. ದೊಡ್ಡಪ್ಪ ನೀವೇನಾ ಎಂದಿತು ಅದು. ಅಣಕಿಸುವ ಹಾಗಿರಲಿಲ್ಲ. ತನಗೂ ಗೊತ್ತಿಲ್ಲದೆ ಅವಳನ್ನೇ ಕೇಳುತ್ತಿರುವ ಹಾಗಿತ್ತು.

ಅವಳು ಎದ್ದು ಬಾಗಿಲವರೆಗೆ ಹೋದಳು. ಮೆಟ್ಟಿಲ ಬುಡದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಕೈಯಲ್ಲಿ ಎಕ್ಸ್‌ರೇ ವಿಭಾಗದ ಚೀಟಿ ಹಿಡಿದು. ಗಂಡನ ಹಳೆಯ ಸ್ಕ್ಯಾನು ಬೇಕಾಗಿತ್ತು ಅವಳಿಗೆ. ಗೆಡ್ಡೆ ಬೆಳೆದಿದೆಯೋ ಇಳಿದಿದೆಯೋ ಹೊಸದರ ಪಕ್ಕ ಇಟ್ಟು ನೋಡಬೇಕಂತೆ. ನೆಲಮಾಳಿಗೆಯಲ್ಲಿ ಸಿಗುತ್ತದೆ ಎಂದು ಯಾರೋ ಕಳಿಸಿದ್ದರು. "ಸಿಕ್ತಾಮ್ಮ?" ಎಂದು ಕೇಳಿದಳು. "ಹುಡುಕ್ತಿದ್ದೀವಿ," ಎಂದು ಅವಳು ಬಾಗಿಲು ಹಾಕಿಕೊಂಡಳು. ಸುಳ್ಳು ಎಷ್ಟು ಸಲೀಸಾಗಿ ಬಂತು. ಆ ಸ್ಕ್ಯಾನು ಎಲ್ಲಿಯೂ ಇರಲಿಲ್ಲ, ಅಳಿಸಿಹೋದವುಗಳಲ್ಲಿ ಅದೂ ಒಂದು.

ವಾಪಸು ಬಂದು ಕೂತಳು. ನಾನು ಯಾರು ಎಂದು ಯಂತ್ರವನ್ನು ಕೇಳಲು ಎರಡು ದಾರಿಗಳಿವೆ. ಹೊಸದಾಗಿ ಸೇರಿದವರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಒಂದರಲ್ಲಿ ಯಂತ್ರ ನಿನ್ನ ಅಧಿಕಾರವನ್ನು ನೋಡಿ ಉತ್ತರ ಹೇಳುತ್ತದೆ. ಇನ್ನೊಂದರಲ್ಲಿ ನಿನ್ನನ್ನು ನೋಡುವುದೇ ಇಲ್ಲ. ನೀನು ಕೂತ ಟರ್ಮಿನಲ್ಲಿನ ನಂಬರು ನೋಡಿ, ಆ ನಂಬರಿನಲ್ಲಿ ಯಾರು ಬಂದು ಕೂತಿದ್ದಾರೆಂದು ತನ್ನ ಹಾಜರಿ ಪಟ್ಟಿಯಲ್ಲಿದೆಯೋ ಆ ಹೆಸರು ಹೇಳುತ್ತದೆ. ಮೊದಲನೆಯದನ್ನು ಒತ್ತಿದಳು. ಅವಳ ಹೆಸರು ಬಂತು. ಎರಡನೆಯದನ್ನು ಒತ್ತುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಕಣ್ಣಿನಿಂದ ನೋಡದಿದ್ದರೆ ಇನ್ನೂ ಸ್ವಲ್ಪ ಹೊತ್ತು ಗೊತ್ತಿಲ್ಲದವಳಾಗಿ ಇರಬಹುದಿತ್ತು. ಒತ್ತಿದಳು.

ದೊಡ್ಡಪ್ಪ, ಅಂದಿತು ಯಂತ್ರ.

ಚಿತ್ರಗಳು ಅಳಿಸಿಹೋದ ಆ ದಿನ ಅವಳೆದುರು ಹಿಂದಿನಿಂದ ಮುಂದಕ್ಕೆ ಬಿಚ್ಚಿಕೊಳ್ಳತೊಡಗಿತು, ಹೊಲಿಗೆ ಹರಿದ ಹಾಗೆ. ದೊಡ್ಡಪ್ಪ ಕನ್ನಡಕ ಮುರಿದಿದೆ ಎಂದು ಕೇಬಲ್ಲು ಕಿತ್ತು ಹೊರಟಿದ್ದರು. ಶಾಲೆಯಿಂದ ಫೋನು ಬಂದಿತ್ತು, ಮಗುವಿಗೆ ಮೈ ಸುಡ್ತಿದೆ, ಬಂದು ಕರ್ಕೊಂಡು ಹೋಗಿ. ಅಮ್ಮ ಫೋನೆತ್ತುತ್ತಿರಲಿಲ್ಲ. ಹೊರಡುವ ಮೊದಲು ದೊಡ್ಡಪ್ಪ ಬಿಟ್ಟುಹೋದದ್ದನ್ನು ಗುಡಿಸಬೇಕಿತ್ತು. ದಿನಾ ಅವಳು ಅವರ ಸೆಶನ್ನನ್ನು ಮೆಲ್ಲಗೆ ನಿಲ್ಲಿಸುತ್ತಿದ್ದಳು. ಹಾಗೆ ನಿಲ್ಲಿಸಿದರೆ ಅದು ತನ್ನ ಪಾತ್ರೆ ಪಡಗ ತೊಳೆದಿಟ್ಟು, ಹಾಜರಿ ಪಟ್ಟಿಯಲ್ಲಿ ಹೋದೆ ಎಂದು ಬರೆದು ಹೋಗುತ್ತದೆ. ಅವತ್ತು ಅಷ್ಟು ತಾಳ್ಮೆ ಇರಲಿಲ್ಲ. ಬಾಯಿ ತೆರೆಯಲೂ ಬಿಡದೆ ಕೊಲ್ಲುವ ಕಮಾಂಡು ಕೊಟ್ಟಿದ್ದಳು. ಅದು ಸತ್ತಿತ್ತು, ಹೋದೆ ಎಂದು ಹೇಳಲು ಅದಕ್ಕೆ ಸಮಯ ಸಿಕ್ಕಿರಲಿಲ್ಲ. ಖಾಲಿಯಾದ ಮೂರನೇ ನಂಬರಿನಲ್ಲಿ ಅವಳು ತನ್ನದೊಂದು ಕಿಟಕಿ ತೆರೆದಿದ್ದಳು, ಸಂಪರ್ಕ ಕಡಿದರೂ ಸರ್ವರಿನೊಳಗೇ ತೆರೆದಿರುವಂಥದ್ದು, ಮಗಳ ಮಂಚದ ಪಕ್ಕ ಕೂತು ಮನೆಯಿಂದಲೂ ಮುಂದುವರಿಸಬಹುದಾದಂಥದ್ದು. ಅಂಥ ಕಿಟಕಿಗಳು ಹಾಜರಿ ಹಾಕುವುದಿಲ್ಲ. ಯಂತ್ರದ ಕಣ್ಣಿಗೆ ಮೂರನೇ ಕುರ್ಚಿಯಿಂದ ಯಾರೂ ಎದ್ದಿರಲಿಲ್ಲ, ಯಾರೂ ಬಂದು ಕೂತಿರಲಿಲ್ಲ. ಆ ಕಿಟಕಿಯನ್ನು ಅವಳು ಇವತ್ತಿನವರೆಗೆ ಮುಚ್ಚಿಯೇ ಇರಲಿಲ್ಲ. ಒಂದನೇ ನಂಬರಿನಿಂದ ಒಳಬಂದು ಅದರಲ್ಲಿ ಒತ್ತಿದ ಪ್ರತಿ ಕೀಲಿಯೂ ಎರಡೂ ಸಾಲುಗಳ ಲೆಕ್ಕಕ್ಕೆ ಬೀಳುತ್ತಿತ್ತು, ದೊಡ್ಡಪ್ಪನಿಗೆಂದು ಬರೆದ ಮಾತೂ ಅವಳಿಗೇ ವಾಪಸು ಬರುತ್ತಿತ್ತು. ಅಷ್ಟು ದಿನವೂ ಅವಳು ಅವರ ಹೆಸರಿನೊಳಗೆ ಕೂತು ಕೆಲಸ ಮಾಡಿದ್ದಳು, ತೀರಿಕೊಂಡವರ ಅಂಗಿ ತೊಟ್ಟುಕೊಂಡವರ ಹಾಗೆ.

ಮತ್ತೆ ಆ ಪ್ರೋಗ್ರಾಮು. ಸ್ವಚ್ಛತೆಯ ಹೊಸ ಆವೃತ್ತಿಯನ್ನು ಅವತ್ತು ತಾನು ಓಡಿಸಿದ್ದೂ ಅವಳಿಗೆ ಗೊತ್ತಿತ್ತು. ಪ್ರಯೋಗದ ಯಂತ್ರದಲ್ಲಿ ಓಡಿಸಿದೆ ಎಂದೇ ತಿಳಿದಿದ್ದಳು. ಎಡಗಡೆ ಪ್ರಯೋಗದ ಯಂತ್ರ, ಬಲಗಡೆ ನಿಜವಾದ ಸರ್ವರು; ಎರಡು ಕಿಟಕಿಗಳೂ ಒಂದೇ ಕಪ್ಪು, ಒಂದೇ ಬಿಳಿ ಅಕ್ಷರ, ಒಂದೇ ಮಿಣುಕುವ ಕರ್ಸರು. ಒಂದು ಕೈಯಲ್ಲಿ ಫೋನು, ಅದರಲ್ಲಿ ಎತ್ತದ ಅಮ್ಮ. ಓಡಿಸಿದ ಕಿಟಕಿ ಎಡಗಡೆಯದೋ ಬಲಗಡೆಯದೋ? ಅವಳು ಕಣ್ಣು ಮುಚ್ಚಿ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಎಂಟರ್ ಒತ್ತಿದ ಬೆರಳಿಲ್ಲ, ಸದ್ದಿಲ್ಲ. ಶಾಲೆಯ ಗೇಟು ಇತ್ತು, ಮಗಳ ಬಿಸಿ ಹಣೆ ಕತ್ತಿಗೆ ಒತ್ತಿದ್ದು ಇತ್ತು. ನಡುವೆ ಯಾರೋ ಕತ್ತರಿಸಿ ತೆಗೆದ ಹಾಗೆ ಒಂದು ತುಂಡು ಇರಲಿಲ್ಲ.

ಫೋನು ಮತ್ತೆ ಹೊಡೆದುಕೊಂಡಿತು. ಆಡಳಿತಾಧಿಕಾರಿ.

"ಏನಮ್ಮಾ, ಸಹಿ ಆಯ್ತಾ? ನಾನು ಮೇಲಿನವರಿಗೆ ಕಳಿಸಬೇಕು."

"ಸರ್, ಒಂದು ಸಣ್ಣ..."

"ಅದಿರಲಿ, ಅವರ ಹೆಸರು ಇನ್ನೂ ಲಿಸ್ಟಲ್ಲಿ ಬರ್ತಿದೆಯಂತೆ? ಎಕ್ಸ್‌ರೇ ಕಡೆಯೋರು ಭೂತ ಗೀತ ಅಂತ ಊರೆಲ್ಲ ಸಾರ್ಕೊಂಡು ಬರ್ತಿದ್ದಾರೆ. ಮೊದಲು ಅದನ್ನ ಅಳಿಸಮ್ಮ. ಆಗುತ್ತಲ್ಲ?"

"ಆಗುತ್ತೆ ಸರ್. ನನ್ನದೊಂದು ಕಿಟಕಿ ಮುಚ್ಚಿದ್ರೆ ಸಾಕು. ಮುಂದೆ ಯಾರಾದ್ರೂ ಲಾಗಿನ್ ಆದ್ರೆ ಅವರ ಹೆಸರು ಅದರ ಮೇಲೆ ಕೂತ್ಕೊಳ್ಳುತ್ತೆ."

"ಅಷ್ಟೇ ತಾನೇ? ಮುಚ್ಚಿ ಹಾಕು. ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಅವರ ಜಾಗಕ್ಕೆ ಯಾರು ಅಂತಾನೂ ಯೋಚನೆ ಮಾಡ್ತಿದ್ದೀವಿ," ಎಂದು ಅವರು ಒಂದು ಕ್ಷಣ ಬಿಟ್ಟು, "ಅರ್ಥ ಆಯ್ತಲ್ಲ?" ಅಂದರು.

ಅರ್ಥವಾಗಿತ್ತು. ಒಂದೇ ಪದ, ಒಂದು ಎಂಟರ್. ಇಷ್ಟು ವರ್ಷ ಅವಳು ದೊಡ್ಡಪ್ಪನಿಗೆ ಮಾಡಿ ಮಾಡಿ ಎಂದು ಅಂಗಲಾಚಿದ್ದನ್ನೇ ಮಾಡುವುದು, ಶಿಸ್ತಾಗಿ ಲಾಗೌಟ್. ಮಾಡಿದರೆ ಮೂರನೇ ನಂಬರು ಖಾಲಿಯಾಗುತ್ತದೆ, ಸಂಜೆಯ ಪಾಳಿಯವರು ಯಾರಾದರೂ ಅಲ್ಲಿ ಬಂದು ಕೂರುತ್ತಾರೆ, ಎರಡು ಹೆಸರು ಒಂದರೊಳಗೊಂದು ಸಿಕ್ಕಿಕೊಂಡದ್ದಕ್ಕೆ ಪ್ರಪಂಚದಲ್ಲಿ ಗುರುತೇ ಉಳಿಯುವುದಿಲ್ಲ. ಯಾರೂ ಅವಳ ಮೇಲೆ ಬೆರಳು ತೋರಿಸುವುದಿಲ್ಲ. ತನಗೇ ನೆನಪಿಲ್ಲದ್ದನ್ನು ತಾನು ಮಾಡಿದೆ ಎಂದು ಯಾಕೆ ಹೇಳಬೇಕು? ಅಮ್ಮನ ಮುಖ, ಮಗಳ ಶಾಲೆಯ ಚೀಲ, ಬೆಂಚಿನ ಮೇಲಿನ ಹೆಂಗಸಿನ ಚೀಟಿ ಒಂದರ ಮೇಲೊಂದು ಬಂದು ಹೋದವು. ಆ ಪದದ ಮೊದಲ ಅಕ್ಷರ ಒತ್ತಿಯೂ ಬಿಟ್ಟಿದ್ದಳು. ಗೋಡೆಯ ಮೇಲೆ ದೊಡ್ಡಪ್ಪನ ಸಾಲು ಸೊನ್ನೆಗೆ ಬಿತ್ತು, ಅವರೂ ಅದನ್ನೇ ಒತ್ತುತ್ತಿರುವ ಹಾಗೆ. ತಮ್ಮನ್ನು ತಾವೇ ಅಳಿಸಿಕೊಳ್ಳಲು ಅವರ ಕೈಯೂ ಸೇರಿದ ಹಾಗೆ. ಅವಳು ಅಲ್ಲಿಗೆ ನಿಲ್ಲಿಸಿ, ಮೊಬೈಲು ತೆಗೆದು ಅವರ ಮನೆಗೆ ಫೋನು ಮಾಡಿದಳು. ಯಾಕೆಂದು ಗೊತ್ತಿರಲಿಲ್ಲ. ಬಹುಶಃ ಬೈಯಿಸಿಕೊಳ್ಳಲು, ಬೈದರೆ ಮುಚ್ಚುವುದು ಸುಲಭವಾಗುತ್ತಿತ್ತು.

ದೊಡ್ಡಮ್ಮ ಎತ್ತಿದರು. ಅವಳ ದನಿ ಗುರುತು ಹಿಡಿದು ಪಿಸುಗುಟ್ಟಿದರು. "ನೀನು ಫೋನು ಮಾಡಿದ್ದು ಒಳ್ಳೇದಾಯ್ತು ಕಣಮ್ಮ. ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದೆ. ಮರೆವಿನ ಡಾಕ್ಟರು. ಇವರೇ ಹೇಳ್ತಿದ್ದಾರೆ, ನನಗೆ ಏನೋ ಆಗ್ತಿದೆ ಅಂತ. ಕೊಡ್ತೀನಿ ಇರು."

"ತಾಯೀ," ಎಂದರು ದೊಡ್ಡಪ್ಪ. ದನಿ ಸಣ್ಣಗಾಗಿತ್ತು, ಕೋಣೆಯ ಆ ಕಡೆಯ ಮೂಲೆಯಿಂದ ಬಂದ ಹಾಗಿತ್ತು. "ಹೇಗಿದ್ದೀಯ? ಪುಟ್ಟಿ ಜ್ವರ ಇಳಿತಾ?"

"ಇಳೀತು ದೊಡ್ಡಪ್ಪ. ಆವತ್ತೇ."

"ಒಳ್ಳೇದು. ಇನ್ನು ನೀನು ಆ ಸಹಿಗೆ ಹಿಂದೆ ಮುಂದೆ ನೋಡಬೇಡ. ಹಾಕಿಬಿಡು. ನಾನೇ ಮಾಡಿದ್ದು."

"ಏನು ಹೇಳ್ತಿದ್ದೀರಿ?"

"ಮೊದಲು ನನಗೂ ನೆನಪಿರಲಿಲ್ಲ. ಆದ್ರೆ ಹೆಸರು ಬಂದಿದೆಯಲ್ಲ. ನನ್ನ ಹೆಸರು ಸುಮ್ಮಸುಮ್ಮನೆ ಹೇಗೆ ಬರುತ್ತೆ? ಕೂತು ಯೋಚನೆ ಮಾಡಿದೆ. ಮಾಡ್ತಾ ಮಾಡ್ತಾ ನೆನಪು ಬಂತು ತಾಯಿ. ಈಗ ಕಣ್ಣಿಗೆ ಕಟ್ಟಿದ ಹಾಗಿದೆ. ಕನ್ನಡಕದ ಅಂಗಡೀನೇ ಮಸುಕಾಗಿದೆ ಈಗ. ಅಲ್ಲಿಗೆ ನಿಜವಾಗ್ಲೂ ಹೋಗಿದ್ನಾ ಅಂತ ಇವಳನ್ನ ಕೇಳ್ತೀನಿ, ಹೊಸ ಕನ್ನಡಕ ಮೂಗಿನ ಮೇಲೇ ಇದೆಯಲ್ರೀ ಅಂತಾಳೆ." ಅವರು ನಗಲು ನೋಡಿದರು. "ಮರೆವು ಬಂದಿದೆ ಅಂತ ನಾನೇ ಬರೆದುಕೊಟ್ಟುಬಿಡ್ತೀನಿ. ಇಲ್ಲಾಂದ್ರೆ ನಾಳೆ ಇನ್ನೇನು ಅಳಿಸ್ತೀನೋ."

ನಿಮ್ಮದಲ್ಲ ಅಂದರೆ ಸಮಾಧಾನಕ್ಕೆ ಹೇಳ್ತೀಯ ಅನ್ನುತ್ತಾರೆ. ಸಮಾಧಾನದ ಮಾತನ್ನು ಅವರು ಯಾವತ್ತೂ ನಂಬಿದವರಲ್ಲ. ಅವಳು ಸ್ಕ್ರೀನಿನ ಕಡೆ ನೋಡುತ್ತಲೇ, ಮೊದಲ ವರ್ಷ ಅವರು ಅವಳನ್ನು ಕೇಳುತ್ತಿದ್ದ ದನಿಯಲ್ಲಿ ಕೇಳಿದಳು.

"ದೊಡ್ಡಪ್ಪ, ಒಂದು ಸಮಸ್ಯೆ ಇದೆ. ಬಿಡಿಸಿ ಹೇಳಿ. ಒಬ್ಬರ ಸೆಶನ್ನನ್ನ ಉಸಿರೆತ್ತೋಕೂ ಬಿಡದೆ ಕೊಂದುಹಾಕಿದ್ದಾರೆ. ಹಾಜರಿ ಪಟ್ಟೀಲಿ ಅವರ ಸಾಲು ಏನಾಗುತ್ತೆ?"

"ಉಳಿಯುತ್ತೆ. ಹೋದೆ ಅಂತ ಬರೆಯೋಕೆ ಟೈಮೆಲ್ಲಿ ಸಿಕ್ತು ಅದಕ್ಕೆ?" ಉತ್ತರ ತಟ್ಟನೆ ಬಂತು, ದನಿ ಮೂಲೆಯಿಂದ ಎದ್ದು ಹತ್ತಿರ ಬಂದಿತ್ತು.

"ಅದೇ ನಂಬರಲ್ಲಿ ಇನ್ನೊಬ್ಬರು ಕಿಟಕಿ ತೆಗೀತಾರೆ. ಹಾಜರಿ ಹಾಕದೇ ಇರೋ ಕಿಟಕಿ. ಅಲ್ಲಿ ಕೂತು ಟೈಪ್ ಮಾಡಿದ್ರೆ, ಸುಮ್ಮನಿದ್ದ ಹೊತ್ತು ಯಾರದ್ದು ಸೊನ್ನೆ ಆಗುತ್ತೆ?"

"ಹಳೇ ಮನುಷ್ಯಂದು."

"ಅಲ್ಲಿಂದ ನಮ್ಮ ಸ್ವಚ್ಛತೆಯ ಪ್ರೋಗ್ರಾಮ್ ಓಡಿಸಿದ್ರೆ? ಅದು ಯಾರ ಹೆಸರು ಬರೀತದೆ?"

"ಅದು ಟರ್ಮಿನಲ್ ನೋಡಿ ಅಲ್ವಾ ಬರೆಯೋದು, ನಾನೇ ಹಾಗೆ ಮಾಡಿಟ್ಟಿದ್ದು. ಅದೂ ಹಳೇ ಮನುಷ್ಯನ..." ಎಂದು ಅವರು ನಿಂತರು.

ಆಮೇಲೆ ಬಹಳ ಮೆಲ್ಲಗೆ, "ಕೂತಿದ್ದೋರು ಯಾರು?" ಅಂದರು.

"ನಾನು."

ಫೋನ್ ಇಟ್ಟುಬಿಡುತ್ತಾರೆ ಅಂದುಕೊಂಡಳು. ಇಡಲಿಲ್ಲ. ದೂರದಲ್ಲಿ ದೊಡ್ಡಮ್ಮ ಏನೆಂದು ಕೇಳುತ್ತಿದ್ದರು.

"ಆದ್ರೆ ತಾಯಿ," ಎಂದರು ಕಡೆಗೆ, ಬೈಗುಳವಿಲ್ಲದ, ದಾರಿ ತಪ್ಪಿದವರ ದನಿಯಲ್ಲಿ, "ನನಗೆ ಒತ್ತಿದ್ದು ನೆನಪಿದೆಯಲ್ಲ. ಬೆರಳಿಗೆ ನೆನಪಿದೆ. ಹಾಗಾದ್ರೆ ಅದು ಯಾರ ನೆನಪು?"

"ನನ್ನದು ದೊಡ್ಡಪ್ಪ," ಎಂದಳು ಅವಳು. "ನನ್ನ ಹತ್ತಿರ ಇಲ್ಲ ಅದು. ಹೇಳಿ."

ಆಡಳಿತಾಧಿಕಾರಿ ಕಳಿಸಿದ್ದ ಹೇಳಿಕೆಯನ್ನು ಅವಳು ತೆರೆದಳು. ಮೂರನೇ ಟರ್ಮಿನಲ್ಲಿನ ಕಿಟಕಿಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ. ದೊಡ್ಡಪ್ಪನ ಹೆಸರಿದ್ದ ಜಾಗದಲ್ಲಿ ನಾನು ಎಂದು ಬರೆದಳು. ಆ ಕಡೆಯಿಂದ ದೊಡ್ಡಪ್ಪ ತಡವರಿಸುತ್ತ ಶುರುಮಾಡಿದರು. ಬಲಗಡೆಯ ಕಿಟಕಿ ಅಂತ ಕಾಣುತ್ತೆ ತಾಯಿ. ಎಡಗಡೆಯದನ್ನ ಒತ್ತಿದೀನಿ ಅಂತಲೇ ಮನಸ್ಸಿನಲ್ಲಿತ್ತು. ಫೋನು ಕಿವಿಯಲ್ಲಿತ್ತು, ಆ ಕಡೆ ಯಾರೂ ಎತ್ತುತ್ತಾ ಇರಲಿಲ್ಲ. ಖಚಿತವಾ ಅಂತ ಯಂತ್ರ ಕೇಳಿತು, ಕಿರುಬೆರಳಲ್ಲೇ ಹೌದು ಅಂದೆ, ಕಣ್ಣು ಬಾಗಿಲ ಕಡೆ ಇತ್ತು. ಅವರು ಹೇಳುತ್ತ ಹೋದರು. ಅವಳು ಒಂದು ಪದವನ್ನೂ ಬಿಡದೆ ಬರೆಯುತ್ತ ಹೋದಳು, ಮತ್ತು ಬರೆದ ಪ್ರತಿಯೊಂದು ಸಾಲೂ, ಬರೆದ ಮೇಲೆ, ಅವಳಿಗೆ ನೆನಪಾಗುತ್ತಿತ್ತು.